ಎಸೆತಾಳ ಮನೆಯ ಪಾತ್ರೆ ಮಷೀನು

ಮಾಂಗೆರೆ ಬಡಾವಣೆಯ ಆ ಮನೆಯನ್ನು ಕೊಂಡಾಗ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಮಷೀನೊಂದು ಮೊದಲೇ ಕೂತಿತ್ತು. ಎಸೆತಾ ಅದರ ಬಾಗಿಲು ತೆರೆದು ನೋಡಿದಳು. ಒಳಗೆ ಒಳ್ಳೆ ಜಾಗವಿದೆ ಅನ್ನಿಸಿತು. ತನ್ನ ದೊಡ್ಡ ಪಾತ್ರೆಗಳನ್ನೂ ಕೇಕು ಬೇಯಿಸುವ ತಟ್ಟೆಗಳನ್ನೂ ಅದರೊಳಗೆ ಜೋಡಿಸಿಟ್ಟು ಬಾಗಿಲು ಹಾಕಿದಳು. ಅಂದಿನಿಂದ ಅದು ಕಪಾಟು. ಎಸೆತಾಳಂತೆಯೇ ಸಮೋವಾ ದ್ವೀಪಗಳಿಂದ ವಲಸೆ ಬಂದು ಆ ಬೀದಿಯಲ್ಲಿ ನೆಲೆಸಿದವರ ಮನೆಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಹಾಗೆಯೇ ಇತ್ತು. ಯಾರಾದರೂ ಕೇಳಿದರೆ ಎಸೆತಾ ಹೇಳುತ್ತಿದ್ದದ್ದು ಒಂದೇ ಮಾತು: "ಕೈಯಲ್ಲಿ ತೊಳೆದ್ರೆ ತೊಳೆದ ಹಾಗೆ. ಮಷೀನು ತೊಳೆದಿದ್ದು ನೆನೆಸಿದ ಹಾಗೆ."

ಆ ಕೈ ಹೆಚ್ಚಾಗಿ ಸೊಸೆ ಸೆಫಿನಾಳದಾಗಿರುತ್ತಿತ್ತು. ಕಿರಿಯರು ತೊಳೆಯುವುದು, ಹಿರಿಯರು ಒರೆಸಿಡುವುದು. ಅದನ್ನು ಪ್ರಶ್ನೆ ಮಾಡುವ ಸಂಗತಿ ಎಂದು ಎಸೆತಾಳಿಗೆ ಎಂದೂ ತೋಚಿರಲಿಲ್ಲ. ಸೆಫಿನಾ ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಸಂಜೆ ಬಸ್ಸಿಳಿದು ಬಂದು, ಚೀಲ ಇಟ್ಟು, ನೇರ ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಲ್ಲುತ್ತಿದ್ದಳು.

ಆ ಚಳಿಗಾಲದಲ್ಲಿ ಎಸೆತಾಳ ಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಬಲಗೈಯನ್ನು ಕೊರಳಿಗೆ ಜೋಲಿ ಕಟ್ಟಿ ಕಳಿಸಿದರು. ಈಗ ಒರೆಸುವವರೂ ಇಲ್ಲ. ಒಂದು ಶನಿವಾರ ಎಸೆತಾ ಮಲಗಿ ಎದ್ದು ಬಂದು ನೋಡಿದರೆ ಅವಳ ದೊಡ್ಡ ಪಾತ್ರೆಗಳೆಲ್ಲ ಮೇಜಿನ ಮೇಲೆ. ಮಷೀನಿನ ಬಾಯಿ ತೆರೆದಿದೆ. ಸೆಫಿನಾ ನೆಲದ ಮೇಲೆ ಮಂಡಿಯೂರಿದ್ದಾಳೆ.

"ಏನೇ ಇದು?"

"ಓಡಿಸಿ ನೋಡಿದೆ ಅತ್ತೆ. ತೊಳೀತು. ಆದ್ರೆ ನೀರು ಹೊರಗೆ ಹೋಗ್ತಿಲ್ಲ, ತಳದಲ್ಲೇ ನಿಂತಿದೆ."

ಎಸೆತಾಳಿಗೆ ಒಳಗೊಳಗೇ ಖುಷಿಯಾಯಿತು. "ನಾನು ಹೇಳಿರ್ಲಿಲ್ವಾ," ಎಂದು ಕುರ್ಚಿ ಎಳೆದುಕೊಂಡು ಕೂತಳು. "ಕಪಾಟಿಗೆ ನೀರು ಹುಯ್ದ್ರೆ ಇನ್ನೇನಾಗತ್ತೆ?"

ಸೆಫಿನಾ ನಕ್ಕಳು, ಏಳಲಿಲ್ಲ. ಗೋಡೆಯ ಸ್ವಿಚ್ಚು ಆರಿಸಿ, ಬಟ್ಟಲಿನಲ್ಲಿ ನೀರು ಮೊಗೆದು ಬಕೀಟಿಗೆ ಹಾಕಿದಳು. ತಳದ ಜರಡಿಯನ್ನು ತಿರುಗಿಸಿ ತೆಗೆದು ಬೆಳಕಿಗೆ ಹಿಡಿದಳು, ಸ್ವಚ್ಛವಾಗಿತ್ತು. ತೊಟ್ಟಿಯ ಕೆಳಗೆ ತಲೆ ತೂರಿಸಿ ನೀರು ಹೋಗುವ ಕೊಳವೆಯನ್ನು ಉದ್ದಕ್ಕೂ ಸವರಿದಳು, ಎಲ್ಲೂ ಮಡಚಿರಲಿಲ್ಲ.

"ಅತ್ತೆ, ಸ್ವಲ್ಪ ಟಾರ್ಚು ಹಿಡೀತೀರಾ?"

ಎಸೆತಾ ಎಡಗೈಯಲ್ಲಿ ಟಾರ್ಚು ಹಿಡಿದು ಬಗ್ಗಿದಳು. ಜರಡಿ ಕೂರುವ ಗುಂಡಿಯ ಪಕ್ಕದಲ್ಲಿ ಸಣ್ಣ ಮುಚ್ಚಳವೊಂದಿತ್ತು. ಅದನ್ನು ಚಮಚದ ಹಿಡಿಯಿಂದ ಎಬ್ಬಿಸಿದಾಗ ಒಳಗೆ ನೀರನ್ನು ಹೊರಗೆ ತಳ್ಳುವ ಪುಟ್ಟ ಚಕ್ರ ಕಂಡಿತು. ಸೆಫಿನಾ ಬೆರಳಿಟ್ಟು ನೂಕಿದಳು. ಅಲ್ಲಾಡಲಿಲ್ಲ.

"ಇದೇ ನೋಡಿ. ಇಷ್ಟು ವರ್ಷ ತಿರುಗದೆ ಹಿಡ್ಕೊಂಡ್ಬಿಟ್ಟಿದೆ." ಬಿಸಿನೀರು ಹುಯ್ದು, ಕಾದು, ಅತ್ತಿತ್ತ ಮೆಲ್ಲಗೆ ಅಲುಗಿಸಿದಳು. ಚಕ್ರ ಒಮ್ಮೆ ಕಿರುಗುಟ್ಟಿ, ಆಮೇಲೆ ಸಲೀಸಾಗಿ ಸುತ್ತಿತು.

"ನಿಂಗೆ ಇದೆಲ್ಲ ಹೇಗೆ ಗೊತ್ತೇ?"

"ದಿನಾ ಅದೇ ಅಲ್ವಾ ಅತ್ತೆ ಮಾಡೋದು. ಅಲ್ಲಿ ಮಷೀನು ಈ ಕೋಣೆಯಷ್ಟು ದೊಡ್ಡದು. ನಿಂತ್ಹೋದ್ರೆ ನಾವೇ ಬಿಚ್ಚಬೇಕು."

"ನೀನು ಅಡುಗೆಮನೇಲಿ ಅಲ್ವಾ ಇರೋದು?"

"ಅಡುಗೆಮನೇಲೇ. ಪಾತ್ರೆ ಕಡೆ." ಸೆಫಿನಾ ಮುಚ್ಚಳ ಒತ್ತಿ ಕೂರಿಸುತ್ತಿದ್ದಳು. "ರೋಗಿಗಳ ತಟ್ಟೆಗಳು. ದೊಡ್ಡ ಹಂಡೆಗಳು ಮಷೀನಿಗೆ ಹಿಡಿಯಲ್ಲ, ಅವನ್ನ ಕೈಯಲ್ಲೇ ಉಜ್ಜೋದು."

ಎಸೆತಾ ಟಾರ್ಚನ್ನು ಹಿಡಿದೇ ಇದ್ದಳು. ಬೆಳಕು ಸೊಸೆಯ ಕೈಗಳ ಮೇಲೆ ಬಿದ್ದಿತ್ತು. ಬೆರಳ ಗೆಣ್ಣುಗಳ ಮೇಲೆ ಚರ್ಮ ಬಿರುಕು ಬಿಟ್ಟು ಕೆಂಪಗಾಗಿತ್ತು. ಸೊಸೆ ಆಸ್ಪತ್ರೆಯಲ್ಲಿ ಅಡುಗೆ ಮಾಡುತ್ತಾಳೆಂದೇ ನಾಲ್ಕು ವರ್ಷಗಳಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಸೆಫಿನಾ ಸುಳ್ಳು ಹೇಳಿರಲಿಲ್ಲ, ತಾನೇ ಕೇಳಿರಲಿಲ್ಲ.

"ಹೇಳ್ಬಾರದಿತ್ತಾ?" ಎಂದಳು ಕೊನೆಗೆ.

"ಏನಂತ ಹೇಳ್ಲಿ ಅತ್ತೆ? ಪಾತ್ರೆ ಯಾರ ಮನೇಲಿ ಇಲ್ಲ?"

ಮಷೀನು ಮತ್ತೆ ಓಡಿತು. ಈ ಸಲ ನೀರು ಗೊಳಗೊಳನೆ ಹೊರಗೆ ಹೋಯಿತು. ಇಬ್ಬರೂ ಮುಖ ಮುಖ ನೋಡಿಕೊಂಡು ನಗುವಷ್ಟರಲ್ಲಿ ಎಸೆತಾಳ ಬರಿಗಾಲಿಗೆ ತಣ್ಣಗೆ ಏನೋ ತಾಗಿತು. ಮಷೀನಿನ ಅಡಿಯಿಂದ ನೀರು ನೆಲದ ಮೇಲೆ ಹರಿದು ಬರುತ್ತಿತ್ತು.

ಸೆಫಿನಾ ಸ್ವಿಚ್ಚು ಆರಿಸಿ ಹಳೇ ಟವೆಲು ಹಾಸಿದಳು. "ಇದು ನನ್ನ ಕೈಲಾಗಲ್ಲ. ಅಡಿಯಿಂದ ಸೋರ್ತಿದೆ."

ಸೋಮವಾರ ವಿನೇಶ್ ಬಂದ. ಫಿಜಿಯಿಂದ ಬಂದು ಈ ಬಡಾವಣೆಯಲ್ಲೇ ತಲೆ ನರೆಸಿಕೊಂಡ ರಿಪೇರಿಯವನು. ಮಷೀನನ್ನು ಹೊರಗೆಳೆದು, ಬೋರಲು ಮಲಗಿ ನೋಡಿ ಎದ್ದ.

"ನೀರು ಸೋರದಂತೆ ತಡೆಯೋ ರಬ್ಬರ್ ಒಣಗಿ ಸೀಳಿದೆ ಅಕ್ಕಾ. ಪಂಪಿನ ಜೊತೇನೇ ಬದಲಾಯಿಸ್ಬೇಕು. ಇಷ್ಟು ಹಳೇದಾದ್ರೆ ನಾನು ಸಾಮಾನ್ಯವಾಗಿ ಎಸೀರಿ ಅಂತೀನಿ. ಒಂದು ಸರಿ ಮಾಡಿದ್ರೆ ಇನ್ನೊಂದು ಕೆಡತ್ತೆ." ಒಳಗೆ ಬೆರಳಾಡಿಸಿದ. "ಆದ್ರೆ ಇದು ವಯಸ್ಸಿಗೆ ಮುದುಕಿ, ಮೈಗೆ ಮದುವಣಗಿತ್ತಿ. ಒಂದು ಗೀರಿಲ್ಲ, ತುಕ್ಕಿಲ್ಲ. ಏನು ಮಾಡ್ತಿದ್ರಿ ಇದರಲ್ಲಿ?"

"ಪಾತ್ರೆ ಇಡ್ತಿದ್ವಿ," ಎಂದಳು ಎಸೆತಾ.

"ನಮ್ಮ ಮನೇಲೂ ಅಷ್ಟೆ," ಎಂದ ವಿನೇಶ್. "ರಿಪೇರಿಗೆ ಹೊಸದರ ಮೂರರಲ್ಲೊಂದು ಪಾಲು ಬೀಳತ್ತೆ. ಯೋಚನೆ ಮಾಡಿ ಹೇಳಿ."

ಎಸೆತಾಳ ಮಗ, ಸೆಫಿನಾಳ ಗಂಡ ಫೆತು ವಿಮಾನ ನಿಲ್ದಾಣದಲ್ಲಿ ಸಾಮಾನು ಹೇರುವ ಕೆಲಸ ಮುಗಿಸಿ ಬಂದು, ಅನ್ನದ ತಟ್ಟೆಯ ಮುಂದೆ ಕೂತು ತೀರ್ಪು ಕೊಟ್ಟ. "ರಿಪೇರೀನೂ ಬೇಡ, ಹೊಸದೂ ಬೇಡ. ಕಿತ್ತುಹಾಕಿ ಅಲ್ಲೊಂದು ನಿಜವಾದ ಕಪಾಟು ಮಾಡಿಸೋಣ. ಇಷ್ಟು ವರ್ಷ ಅದಿಲ್ಲದೇ ನಡೆದಿಲ್ವಾ?"

"ನಡೀತು," ಎಂದಳು ಎಸೆತಾ. "ಯಾರ ಕೈಲಿ ನಡೀತು?"

ಫೆತು ತಲೆಯೆತ್ತಿದ. ಸೆಫಿನಾ ಕಣ್ಣು ತಪ್ಪಿಸಿ ಲೋಟ ಎತ್ತಿಕೊಂಡಳು.

"ಅಮ್ಮಾ, ನೀನೇ ಹೇಳ್ತಿದ್ಯಲ್ಲ, ಕೈಯಲ್ಲಿ ತೊಳೆದ್ರೆ—"

"ಹೇಳ್ತಿದ್ದೆ. ಇವತ್ತು ಬೇರೆ ಹೇಳ್ತಿದೀನಿ. ರಿಪೇರಿ ಮಾಡಿಸೋದು. ಗಟ್ಟಿಮುಟ್ಟಾಗಿರೋದನ್ನ ಒಂದು ರಬ್ಬರಿಗೋಸ್ಕರ ಎಸೆಯೋದು ಬೇಡ. ಸಾಮಾನು ಬರೋಕೆ ಮುಂದಿನ ವಾರ ಆಗತ್ತಂತೆ. ಅಲ್ಲೀವರೆಗೆ ಪಾತ್ರೆ ನಿಂದು."

"ನಂದಾ?"

"ವಿಮಾನಕ್ಕೆ ಪೆಟ್ಟಿಗೆ ಎತ್ತೋ ಕೈಗೆ ತಟ್ಟೆ ಭಾರ ಆಗತ್ತಾ?"

ಭಾನುವಾರ ಚರ್ಚಿನಿಂದ ಬಂದ ಮೇಲೆ ಎಂದಿನಂತೆ ನೆಂಟರು ತುಂಬಿದರು. ಕೆಸುವಿನ ಗೆಡ್ಡೆ, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆ, ಹಂದಿಮಾಂಸ, ನಿಂಬೆರಸದಲ್ಲಿ ಕಲಸಿದ ಹಸಿಮೀನು. ಊಟ ಮುಗಿದಾಗ ತೊಟ್ಟಿಯ ಪಕ್ಕ ಪಾತ್ರೆಯ ಗುಡ್ಡ ಎದ್ದಿತ್ತು. ಫೆತು ಅಂಗಿಯ ತೋಳು ಮಡಚಿ ತೊಳೆಯಲು ನಿಂತ.

ಎಸೆತಾಳ ತಂಗಿ ಲಗಿ ಬಾಗಿಲಿಗೊರಗಿ ನೋಡಿದಳು. "ಏನು ಮಗನೇ, ಹರಕೆನಾ?"

"ಶಿಕ್ಷೆ, ಚಿಕ್ಕಮ್ಮಾ."

"ಹಾಗಾದ್ರೆ ಆ ಹಂಡೆ ತಳ ಇನ್ನೊಂದು ಸಲ ಉಜ್ಜು. ಅಷ್ಟಕ್ಕೆಲ್ಲ ಮಾಫಿ ಸಿಗಲ್ಲ."

ಒಳಗಿನ ಗಂಡಸರು ನಕ್ಕರು. ಎಸೆತಾ ಅವರ ಮೇಲೆ ಕಣ್ಣು ಹಾಯಿಸಿದಳು. ನಗುತ್ತಿದ್ದವರಲ್ಲಿ ಇಬ್ಬರು ಎದ್ದು ಬಂದು ಒರೆಸುವ ಬಟ್ಟೆ ಹಿಡಿದರು.

ಸೆಫಿನಾ ಅಡುಗೆಮನೆಯಲ್ಲಿ ಕೈ ಕಟ್ಟಿ ನಿಲ್ಲಲಾರದೆ ಚಡಪಡಿಸುತ್ತಿದ್ದಳು. ಎಸೆತಾ ಎಡಗೈಯಲ್ಲಿ ಅವಳ ರಟ್ಟೆ ಹಿಡಿದು ಹಿಂಬಾಗಿಲಿನ ಮೆಟ್ಟಿಲಿಗೆ ಕರೆತಂದು ಕೂರಿಸಿದಳು. ಹಿತವಾದ ಬಿಸಿಲಿತ್ತು. ತೆಂಗಿನೆಣ್ಣೆಯ ಶೀಶೆ ಅವಳ ಮಡಿಲಿಗೆ ಹಾಕಿ, "ಮುಚ್ಚಳ ತೆಗಿ, ನಂಗೆ ಒಂದೇ ಕೈ," ಎಂದಳು. ಎಡ ಅಂಗೈಗೆ ಅವಳಿಂದಲೇ ಎಣ್ಣೆ ಸುರಿಸಿಕೊಂಡು ಸೊಸೆಯ ಬೆರಳುಗಳನ್ನು ಒಂದೊಂದಾಗಿ ತಿಕ್ಕತೊಡಗಿದಳು.

"ಆಸ್ಪತ್ರೇಲಿ ರೋಗಿಗಳು ತಟ್ಟೇಲಿ ಏನು ಬಿಡ್ತಾರೆ?" ಎಂದು ಕೇಳಿದಳು.

"ಎಲ್ಲರೂ ಬಟಾಣಿ ಬಿಡ್ತಾರೆ ಅತ್ತೆ. ಒಬ್ಬಜ್ಜ ಮಾತ್ರ ದಿನಾ ತಟ್ಟೆ ಕೆಳಗೆ ಚೀಟಿ ಇಡ್ತಾನೆ, ಇವತ್ತು ಉಪ್ಪು ಕಮ್ಮಿ ಅಂತ. ಯಾರಿಗೆ ಬರೀತಾನೋ, ಬರೋದು ನನ್ನ ಕೈಗೆ."

"ನೀನೇನು ಮಾಡ್ತೀಯ?"

"ಅಡುಗೆಯವರಿಗೆ ಓದಿ ಹೇಳ್ತೀನಿ. ಅವರಿಗೆ ಸಿಟ್ಟು ಬರತ್ತೆ."

ಎಸೆತಾ ನಕ್ಕು, ಭುಜ ನೋಯಿತೆಂದು ನಗು ತಡೆದುಕೊಂಡಳು. ಇನ್ನೊಂದು ಕೈ ಕೊಡು ಎಂದಳು.