ಸೂಯೆನ್ ಸರದಿ ಬಿಡಲಿಲ್ಲ

ದೋಣಿಗೆ ಹುಟ್ಟು ಹಾಕಲು ಕೈ ಯಾಕೆ ಬೇಕು ಎಂಬುದು ಸೂಯೆನ್‌ಳ ವಾದ. ನಿನ್‌ಬಿನ್ ಊರಿನ ಗುಹೆಗಳ ಹೊಳೆಯಲ್ಲಿ ದೋಣಿಯವರೆಲ್ಲ ಹಿಂದಕ್ಕೊರಗಿ ಕಾಲಿನಿಂದಲೇ ಹುಟ್ಟು ಹಾಕುವವರು. ಅವಳೂ ಇಪ್ಪತ್ತಾರು ವರ್ಷ ಹಾಗೆಯೇ ಪ್ರವಾಸಿಗರನ್ನು ಮೂರು ಗುಹೆ ದಾಟಿಸಿ ತಂದಿದ್ದಳು.

ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಬಲಗೈ ಮಡಚಿಕೊಂಡೇ ಉಳಿದಿತ್ತು. ಬಲಗಾಲು ಎಳೆಯುತ್ತಿತ್ತು, ನಾಲಿಗೆ ತೊದಲುತ್ತಿತ್ತು. ಮಧ್ಯಾಹ್ನವಾದರೆ ಸುಸ್ತು, ಸುಮ್ಮಸುಮ್ಮನೆ ಅಳು. ಅತ್ತಾಗಲೆಲ್ಲ ಅವಳಿಗೆ ತನ್ನ ಮೇಲೇ ಸಿಟ್ಟು.

ದೋಣಿ ಸಂಘದ ಮುಖ್ಯಸ್ಥ ಖಿಯೆಮ್ ಸರದಿ ಪಟ್ಟಿಯಿಂದ ಅವಳ ಹೆಸರು ತೆಗೆದಿದ್ದ.

"ಮನೇಲಿದ್ದು ಬಾತುಕೋಳಿ ನೋಡ್ಕೋ," ಎಂದ ಗಂಡ ಡೋಯ್.

"ಅವೇ ನನ್ನ ನೋಡ್ಕೋತಿವೆ!"

ಅಂದಿನಿಂದ ದಿನವೂ ಹಿತ್ತಲ ಕಾಲುವೆಗೆ ದೋಣಿ ಇಳಿಸಿದಳು. ಹುಟ್ಟಿನ ಮೇಲಿಂದ ಬಲಪಾದ ಜಾರುತ್ತಿತ್ತು, ಟವೆಲಿನಿಂದ ಅದನ್ನು ಹುಟ್ಟಿಗೇ ಬಿಗಿದಳು. ದೋಣಿ ಗಾಣದೆತ್ತಿನಂತೆ ಸುತ್ತಿತು. ನಾಲ್ಕು ತಿಂಗಳಲ್ಲಿ ನೆಟ್ಟಗೆ ಸಾಗತೊಡಗಿತು. ಅವಳು ಸೀದಾ ದೋಣಿಗಳು ನಿಲ್ಲುವ ದಡಕ್ಕೆ ಹೋದಳು.

"ಅಕ್ಕಾ, ಯಾರು ಕೂರ್ತಾರೆ ನಿನ್ನ ದೋಣೀಲಿ?" ಖಿಯೆಮ್ ಕೇಳಿದ.

"ನೀನೇ ಕೂತ್ಕೋ. ಹೆದರಿಕೇನಾ?"

ಸುತ್ತಲಿನವರು ನಕ್ಕರು. ಖಿಯೆಮ್ ಹತ್ತಿ ಕೂತ.

ಎರಡನೇ ಗುಹೆಯೊಳಗೆ ದೋಣಿ ಬಂಡೆಗೆ ಉಜ್ಜಿತು. ಖಿಯೆಮ್ ಹುಟ್ಟಿಗೆ ಕೈ ಚಾಚಿದ.

"ಕೈ ತೆಗಿ!" ಅವಳು ಗದರಿದಳು. ಲಕ್ವ ಹೊಡೆದ ಮೇಲೆ ಅಷ್ಟು ಸ್ಪಷ್ಟವಾದ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಎಡಗೈಯಿಂದ ಬಂಡೆಯನ್ನು ತಳ್ಳಿ ದೋಣಿ ಬಿಡಿಸಿಕೊಂಡಳು.

ಒಂದೂವರೆ ಗಂಟೆಯ ದಾರಿಗೆ ಮೂರು ಗಂಟೆ ಹಿಡಿಯಿತು. ದಡದಲ್ಲಿ ಡೋಯ್ ಬೆವರುತ್ತ ನಿಂತಿದ್ದ.

"ದಿನಕ್ಕೊಂದು ಸರದಿ ಕೊಡ್ತೀನಕ್ಕ," ಖಿಯೆಮ್ ಮೆಲ್ಲಗೆ ಹೇಳಿದ. "ಎಲ್ಲರದ್ದೂ ಆದ್ಮೇಲೆ."

"ಬೇಡ. ಮಧ್ಯಾಹ್ನ ನನ್ ಕೈಲಾಗಲ್ಲ. ಬೆಳಿಗ್ಗೆ ಮೊದಲನೇದು ಕೊಡು. ಅವಸರ ಇಲ್ಲದವ್ರನ್ನ ಕೂರಿಸು."

ಖಿಯೆಮ್ ತಲೆ ಕೆರೆದುಕೊಂಡು ಪಟ್ಟಿ ತೆರೆದ. ಎಲ್ಲರಿಗಿಂತ ಮೇಲೆ ಅವಳ ಹೆಸರು ಬರೆದ.

ಸೂಯೆನ್ ದೋಣಿಯಿಂದ ಏಳಲು ಹೋದರೆ ಬಲಗಾಲು ಕುಸಿಯಿತು. ಅಳು ಒತ್ತರಿಸಿ ಬಂತು. ಈ ಸಲ ಅವಳು ಅದನ್ನು ತಡೆಯಲಿಲ್ಲ. "ನೋಡ್ತಾ ನಿಂತ್ಯಲ್ಲ, ಎತ್ತು," ಎಂದು ಗಂಡನನ್ನು ಬೈದಳು.

ಮಾರನೆಯ ದಿನವೆಲ್ಲ ಮಲಗಿದ್ದಳು. ಅದರ ಮರುದಿನ ಬೆಳಿಗ್ಗೆ ಹನೋಯ್‌ನಿಂದ ಬಂದ ದಂಪತಿ ಅವಳ ಮಡಚಿದ ಕೈ ನೋಡಿ ದೋಣಿ ಹತ್ತಲು ಅನುಮಾನಿಸಿದರು.

"ಕೂತ್ಕೊಳ್ಳಿ," ಎಂದಳು ಸೂಯೆನ್, ಒಂದೊಂದೇ ಮಾತು ಜೋಡಿಸುತ್ತ. "ನಿಮ್ಗೆ ಈಜು ಬರ್ದಿದ್ರೂ ಪರವಾಗಿಲ್ಲ."