ಕತ್ತರಿ ಹಾಕುವ ಮೊದಲು

ಟೈಲರಮ್ಮನ ಕೈ ಚುರುಕು, ಬಾಯಿ ಮಾತ್ರ ಮಹಾ ಮೆತ್ತಗೆ. ಕೂಲಿ ಎಷ್ಟು ಎಂದು ಯಾರಾದರೂ ಕೇಳಿದರೆ "ನಿಮಗೆ ತೋಚಿದ್ದು ಕೊಡಿ" ಅನ್ನುವಳು. ಜನಕ್ಕೆ ತೋಚುವುದು ಯಾವಾಗಲೂ ಕಮ್ಮಿಯೇ. ಈ ರೋಗ ಮಗಳಿಗೂ ಅಂಟಬಾರದೆಂದು, ರಜೆ ಶುರುವಾದ ದಿನವೇ ಹತ್ತು ವರ್ಷದ ಹುಡುಗಿಯನ್ನು ಮಿಷನ್ನಿನ ಪಕ್ಕ ಸ್ಟೂಲಿನ ಮೇಲೆ ಕೂರಿಸಿ, ರೇಟು ಹೇಳುವ ಕೆಲಸ ವಹಿಸಿದಳು.

"ನೂಲಿಗೆ ಇಷ್ಟು, ಕರೆಂಟಿಗೆ ಇಷ್ಟು, ನನ್ನ ಕತ್ತುನೋವಿಗೆ ಇಷ್ಟು. ಕತ್ತರಿ ಹಾಕೋ ಮೊದಲೇ ಹೇಳ್ಬಿಡ್ಬೇಕು. ಆಮೇಲೆ ಹೇಳಿದ್ರೆ ಯಾರೂ ಕೇಳಲ್ಲ."

"ಎಲ್ರಿಗೂ ಹೇಳ್ಬೇಕಾ?"

"ಎಲ್ರಿಗೂ."

ಹಾಗೆನ್ನುವಾಗ ಅವಳಿಗೆ ಅತ್ತಿಗೆಯ ನೆನಪೇ ಆಗಿರಲಿಲ್ಲ.

ಬುಧವಾರ ಅತ್ತಿಗೆ, ಅಂದರೆ ಗಂಡನ ಅಕ್ಕ, ಎಂಟು ಪರದೆಗಾಗುವಷ್ಟು ಬಟ್ಟೆ ತಂದು ಮೇಜಿನ ಮೇಲೆ ಧೊಪ್ಪನೆ ಹಾಕಿದಳು. ಹನ್ನೆರಡು ವರ್ಷದಿಂದ ಆಕೆಯ ಗೌನು, ಮಕ್ಕಳ ಯೂನಿಫಾರ್ಮು, ದಿಂಬಿನ ಗವಸು ಎಲ್ಲ ಇಲ್ಲೇ, ಬಿಟ್ಟಿ. ಬಿಟ್ಟಿ ಎಂದು ಬಾಯಿಬಿಟ್ಟು ಯಾರೂ ಅಂದಿರಲಿಲ್ಲ. "ನಮ್ಮವರು" ಅನ್ನುತ್ತಿದ್ದರು.

"ಭಾನುವಾರಕ್ಕೆ ಬೇಕು ಕಣೇ."

"ಒಂದಕ್ಕೆ ನೂರೈವತ್ತು, ಅತ್ತೆ," ಅಂದಳು ಸ್ಟೂಲಿನ ಮೇಲಿದ್ದವಳು. "ಅರ್ಧ ಈಗಲೇ ಕೊಡ್ಬೇಕು."

ಅತ್ತಿಗೆಯ ಮುಖ ಕೆಂಪಾಯಿತು. "ಇದೇನೇ ಇದು, ಮಗೂಗೆ ಈಗಲೇ ದುಡ್ಡಿನ ಮಾತು? ಸ್ವಂತ ಅತ್ತೆ ಹತ್ರ ಕೂಲಿ ಕೇಳೋಕೆ ಕಲಿಸಿದ್ದೀಯಾ?"

ಬಿಡಿ ಅತ್ತಿಗೆ, ಮಗು ಏನೋ ಅಂತು ಎಂಬ ಮಾತು ಟೈಲರಮ್ಮನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಆದರೆ ಮಗಳು ಅತ್ತೆಯ ಕಡೆ ನೋಡುತ್ತಿರಲಿಲ್ಲ, ಅಮ್ಮನನ್ನೇ ನೋಡುತ್ತಿದ್ದಳು. ಈಗ ಸಡಿಲ ಬಿಟ್ಟರೆ ಕಲಿಸಿದ್ದೆಲ್ಲ ನೀರುಪಾಲು. ಹೊರಗಿನವರ ಹತ್ತಿರ ಬೆಲೆಯಿರುವ ದುಡಿಮೆಗೆ ಮನೆಯವರ ಹತ್ತಿರ ಬೆಲೆಯಿಲ್ಲ ಎಂಬುದೇ ಈ ಹುಡುಗಿಗೆ ಜನ್ಮಪೂರ್ತಿ ಪಾಠವಾಗಿ ಉಳಿಯುತ್ತದೆ. ಹನ್ನೆರಡು ವರ್ಷ ನುಂಗಿಕೊಂಡಿದ್ದ ಸಿಟ್ಟು ಒಮ್ಮೆಲೇ ನೆತ್ತಿಗೇರಿತು.

"ಅವಳು ಹೇಳಿದ್ದು ತಪ್ಪು, ಅತ್ತಿಗೆ," ಅಂದಳು.

ಹುಡುಗಿಯ ಮುಖ ಸಪ್ಪಗಾಯಿತು. ಅತ್ತಿಗೆ ಗೆದ್ದವಳಂತೆ ಕುರ್ಚಿ ಎಳೆದುಕೊಂಡು ಕೂತಳು.

"ಬಟ್ಟೆ ತೆಳು, ಒಳಗೆ ಲೈನಿಂಗ್ ಕೊಡ್ಬೇಕಾಗತ್ತೆ. ಅದಕ್ಕೇ ಒಂದಕ್ಕೆ ಇನ್ನೂರು."

ಅತ್ತಿಗೆ ಧಡಕ್ಕನೆ ಎದ್ದು ಬಟ್ಟೆಯನ್ನು ಬಾಚಿಕೊಂಡಳು. "ದುಡ್ಡು ಕೊಟ್ಟು ಹೊಲಿಸೋಕೆ ಊರಲ್ಲಿ ನೀನೊಬ್ಳೇನಾ ಇರೋದು? ಇನ್ನು ನಿನ್ನ ಮನೆ ಮೆಟ್ಟಿಲು ಹತ್ತಿದ್ರೆ ಕೇಳು."

"ಹತ್ತಿ ಅತ್ತಿಗೆ. ಊಟಕ್ಕೆ ಬನ್ನಿ, ನಾಲ್ಕು ದಿನ ಇರೋಕೆ ಬನ್ನಿ, ಅದಕ್ಕೆಲ್ಲ ನಾನು ರೇಟು ಹೇಳಲ್ಲ. ಬಟ್ಟೆ ತಂದ್ರೆ ಹೇಳ್ತೀನಿ."  ಒಂದೇ ಉಸಿರಿನಲ್ಲಿ ಪೂರ್ತಿ ಹೇಳಿ ಮುಗಿಸಿದಳು.

ಅತ್ತಿಗೆ ದಡದಡ ಇಳಿದುಹೋದ ಮೇಲೆ ಮಗಳು ಮೆಲ್ಲಗೆ ಕೇಳಿದಳು. "ನಾನು ಹೇಳ್ಬಾರ್ದಿತ್ತಾ ಅಮ್ಮ? ಅತ್ತೆ ಈಗ ಬೇರೆ ಟೈಲರ್ ಹತ್ರ ಕೊಡ್ತಾರೆ."

"ಕೊಡ್ಲಿ. ಅಲ್ಲಿ ಕೇಳಿದಷ್ಟು ಕೊಟ್ಟು, ಥ್ಯಾಂಕ್ಸ್ ಕೂಡ ಹೇಳಿ ಬರ್ತಾರೆ," ಅಂದಳು ಟೈಲರಮ್ಮ. "ಹನ್ನೆರಡು ವರ್ಷದಲ್ಲಿ ನಂಗೆ ಅದನ್ನ ಒಂದು ಸಲಾನೂ ಹೇಳಿಲ್ಲ."