ತಂತಿ ಹಾದ ಮನೆಗಳು

"ಅಣ್ಣಾ, ನಮ್ಮತ್ತೆ ನಿಮ್ಮ ವೈರ್ ಕತ್ತರಿಸ್ತಾರಂತೆ! ನಮ್ಮನೇದಷ್ಟೇ ಅಲ್ಲ, ಇಡೀ ಬೀದೀದು! ಇಕ್ಕಳ ಹಿಡ್ಕೊಂಡು ಮೇಲೆ ಕೂತವ್ರೆ!"

ಲಾಸ್ಯ ಮೊಬೈಲ್ ಇಡುವಷ್ಟರಲ್ಲಿ ಕೇಬಲ್ ಶಿವಮಲ್ಲಪ್ಪ ಸ್ಕೂಟರ್ ಹತ್ತಿಯಾಗಿತ್ತು.

ಕೃಷ್ಣಮೂರ್ತಿಪುರಂನ ಆ ಬೀದಿಗೆ ಟಿವಿ, ಇಂಟರ್ನೆಟ್ಟು ಎರಡನ್ನೂ ಕೊಡುತ್ತಿದ್ದವನು ಅವನೇ. ಅವನ ತಂತಿ ತಾರಸಿಯಿಂದ ತಾರಸಿಗೆ ಹಾರಿ, ಲಾಸ್ಯಳ ಅತ್ತೆ ಮಂಜುಳಮ್ಮನವರ ತಾರಸಿಯ ಪೆಟ್ಟಿಗೆಗೆ ಬಂದು, ಅಲ್ಲಿಂದ ಉಳಿದ ಮನೆಗಳಿಗೆ ಹೋಗುತ್ತಿತ್ತು. ಮಂಡಿನೋವಿನಿಂದ ಶಾಲೆಯ ಸಂಗೀತ ಟೀಚರ್ ಕೆಲಸ ಬಿಟ್ಟ ಮೇಲೆ ಮಂಜುಳಮ್ಮನವರಿಗೆ ಉಳಿದದ್ದು ಒಬ್ಬಳೇ ಶಿಷ್ಯೆ, ಸಿಂಗಪುರದ ಕೀರ್ತಿ. ಕಂಪ್ಯೂಟರಿನ ಮುಂದೆ ಕೂತು ಅವಳಿಗೆ ವಚನ ಹಾಡಲು ಹೇಳಿಕೊಡುತ್ತಿದ್ದರು. ಮುಂದಿನ ವಾರ ಬಸವ ಜಯಂತಿಗೆ ಹುಡುಗಿ ಮೊದಲ ಸಲ ವೇದಿಕೆ ಹತ್ತಬೇಕು. ಆದರೆ ಕೆಲವು ದಿನಗಳಿಂದ ಮೇಲ್ ಬರುತ್ತದೆ, ಫೋಟೋ ಬರುತ್ತದೆ, ಕ್ರಿಕೆಟ್ ಸ್ಕೋರೂ ಬರುತ್ತದೆ. ದನಿ ಮಾತ್ರ ಬರುತ್ತಿಲ್ಲ.

ಶಿವಮಲ್ಲಪ್ಪ ಏದುಸಿರು ಬಿಡುತ್ತಾ ತಾರಸಿಗೆ ಬಂದ. ಮಂಜುಳಮ್ಮ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದರು.

"ಅಕ್ಕಾವ್ರೇ, ಇಕ್ಕಳ ಕೆಳಗಿಡಿ. ಶಾಕ್ ಗೀಕ್ ಹೊಡೆದ್ಬುಟ್ಟಾತು."

"ಹೊಡೀಲಿ. ನೆಟ್ಟಲ್ಲಿ ಮಾತು ನಿಲ್ಲಿಸಿ ನೀವು ಕೊಟ್ಟಿರೋ ಶಾಕ್‌ಗಿಂತ ದೊಡ್ಡದೇನಲ್ಲ."

ಅವನು ತಲೆ ಕೆರೆದುಕೊಂಡ. "ಎಲ್ರೂ ನೆಟ್ಟಲ್ಲೇ ಮಾತಾಡ್ಬುಟ್ರೆ ಫಾರಿನ್‌ಗೆ ಫೋನ್ ಮಾಡಕ್ಕೆ ನನ್ನ ಐಎಸ್‌ಡಿ ಬೂತ್‌ಗೆ ಯಾರ್ ಬತ್ತಾರೆ? ಅದಕ್ಕೇ ಮಾತಿಗೆ ಮಾತ್ರ ಬ್ರೇಕ್ ಹಾಕಿವ್ನಿ. ಮಿಕ್ಕಿದ್ದೆಲ್ಲ ಓಡ್ತಾ ಅದಲ್ಲ!"

"ನಾನು ದುಡ್ಡು ಕೊಡೋದು ದಾರಿಗೆ ಕಣ್ರೀ. ದಾರೀಲಿ ಹಾಡು ಹೋಯ್ತದೋ ಫೋಟೋ ಹೋಯ್ತದೋ, ಬ್ಯಾಗ್ ಬಿಚ್ಚಿ ನೋಡೋಕೆ ನೀವ್ಯಾರು?"

ಶಿವಮಲ್ಲಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಿಮ್ಮನೆಗೆ ಮಾತ್ರ ಬುಟ್ಬುಡ್ತೀನಿ. ಈಗ್ಲೇ. ಯಾರ್ಗೂ ಹೇಳ್ಬೇಡಿ."

"ಹ್ಞೂಂ ಅನ್ನಿ ಅತ್ತೆ," ಲಾಸ್ಯ ಪಿಸುಗುಟ್ಟಿದಳು.

ಮಂಜುಳಮ್ಮ ಕತ್ತು ಹೊರಳಿಸಿದರು. ಪಕ್ಕದ ತಾರಸಿಯಲ್ಲಿ ಬಸವಮ್ಮ ಹಪ್ಪಳ ಮಗುಚುವುದನ್ನು ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. ಅವರ ಮಗಳು ಮಲೇಷ್ಯಾದಲ್ಲಿ ನರ್ಸು. ಅವರ ಮನೆಯ ಕಂಪ್ಯೂಟರೂ ಮೂಕವಾಗಿತ್ತು.

"ಬಸವಮ್ಮೋರ್ಗೆ?"

"ಅವ್ರು ಬೂತ್‌ಗೆ ಬರ್ಲಿ ಬುಡಿ."

"ಹಂಗಾದ್ರೆ ನಂಗೂ ಬೇಡ."

ಲಾಸ್ಯಳ ಮುಖ ಸಪ್ಪಗಾಯಿತು. ಇವತ್ತೂ ಪಾಠವಿಲ್ಲ.

ಮಂಜುಳಮ್ಮ ಮಂಡಿ ಹಿಡಿದುಕೊಂಡು ಎದ್ದರು. "ಬಸವಮ್ಮಾ, ನಾಳೆ ಸಂಜೆ ಐದಕ್ಕೆ ನಮ್ಮ ತಾರಸಿಗೆ ಬನ್ನಿ. ತಂತಿ ಹಾದ ಮನೆಯವ್ರನ್ನೆಲ್ಲ ಕರ್ಕೊಂಬನ್ನಿ."

"ಬತ್ತೀವಿ ಕಣಕ್ಕ! ಒಬ್ರುನ್ನೂ ಬುಡಾಕಿಲ್ಲ."

"ನಾನು?" ಎಂದ ಶಿವಮಲ್ಲಪ್ಪ.

"ನೀವಿಲ್ದೆ ಹೆಂಗ್ರೀ? ಕಾಫಿ ಕುಡ್ಕೊಂಡೇ ಜಗಳ ಆಡಣ."

"ಅತ್ತೆ, ಐದಕ್ಕೆ ಕೀರ್ತಿ ಪಾಠ ಅಲ್ವಾ?"

"ಅದಕ್ಕೇ ಐದಕ್ಕೆ. ಎಲ್ರ ಮನೇಗೂ ದನಿ ಬಿಡಿಸ್ಕೊಂಡು ಇಲ್ಲೇ ಪಾಠ ಮಾಡಣ. ಅವಳಿಗೂ ಮೇಲ್ ಹಾಕು, ಶ್ರುತಿ ಹಿಡ್ಕೊಂಡು ಕೂತಿರ್ಲಿ. ಸ್ಪೀಕರ್ ವೈರ್ ಇಲ್ಲಿ ತನಕ ಎಟುಕ್ತದಾ ನೋಡು."

ಲಾಸ್ಯ ಎರಡೆರಡು ಮೆಟ್ಟಿಲು ಹಾರುತ್ತಾ ಕೆಳಗೋಡಿದಳು.